ಜನ ಉತ್ತರ ಕೊಟ್ಟರು, ಮುಂದಾಳುಗಳು ಮುಗ್ಗರಿಸಿದರು

ನಮ್ಮ ಜಿಲ್ಲಾ ಸಮ್ಮೇಳನದ ಮುಂದೆ ಒಂದು ಸೂಚನೆ ಬಂದಿದೆ. ಬರುವ ಚುನಾವಣೆಯಲ್ಲಿ ಇತರ ಪಕ್ಷಗಳೊಂದಿಗೆ ಹೊಂದಾಣಿಕೆ ಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ಪಕ್ಷದ ಎಲ್ಲ ಸದಸ್ಯರ ಮುಂದಿಟ್ಟು, ಚೀಟಿ ಹಾಕಿಸಿ, ಬಂದ ಬಹುಮತದಂತೆ ನಡೆದು, ಬಹುದಿನದ ಚರ್ಚೆಯನ್ನು ಒಂದೇ ಏಟಿಗೆ ಮುಗಿಸಿಬಿಡಬೇಕೆಂಬುದು ಅದರ ಸಾರಾಂಶ. ಸೂಚನೆ ತಂದವರು ನಿಷ್ಠಾವಂತ ಸಂಗಾತಿಗಳು, ಒಳಜಗಳದಿಂದ ಬೇಸತ್ತವರು. ಅವರ ಬೇಸರ ನಮಗೂ ಇದೆ. ಆದರೆ ಈ ದಾರಿಗೆ ಕಾಲಿಡುವ ಮೊದಲು, ಇದೇ ದಾರಿ ಹಿಡಿದ ಒಂದು ದೊಡ್ಡ ದೇಶದ ಪಾಡು ಏನಾಯಿತೆಂಬುದನ್ನು ಓದುಗ ಬಾಂಧವರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಆ ದೇಶ ಬ್ರಿಟನ್ನು. ಪಾರ್ಲಿಮೆಂಟು ಪದ್ಧತಿಗೆ ತೌರುಮನೆ ಎಂದು ನಾವು ಶಾಲೆಯಲ್ಲಿ ಓದಿದ, ಮುಂದೆ ಮಕ್ಕಳಿಗೂ ಓದಿಸಿದ ದೇಶ. ಅಲ್ಲಿನ ಪಾರ್ಲಿಮೆಂಟು 2019ರಲ್ಲಿ ತಿಂಗಳುಗಟ್ಟಲೆ ಹಿಂದೆಯೂ ಹೋಗದೆ ಮುಂದೆಯೂ ಹೋಗದೆ ಕೆಸರಿನಲ್ಲಿ ಹೂತ ಗಾಡಿಯಂತೆ ನಿಂತಿತ್ತು. 2016ರಿಂದ 2024ರವರೆಗಿನ ಎಂಟು ವರ್ಷಗಳಲ್ಲಿ ಆ ದೇಶ ಆರು ಪ್ರಧಾನಮಂತ್ರಿಗಳನ್ನು ಕಂಡಿತು. ಇದಕ್ಕೆಲ್ಲ ಮೂಲ, ಒಂದೇ ದಿನ ಕೇಳಿದ ಒಂದೇ ಪ್ರಶ್ನೆ.

ಪ್ರಶ್ನೆ ಹುಟ್ಟಿದ್ದು ಎಲ್ಲಿ?

ಬ್ರಿಟನ್ 1973ರಲ್ಲಿ ಐರೋಪ್ಯ ಆರ್ಥಿಕ ಸಮುದಾಯವನ್ನು ಸೇರಿತು. ಅದೇ ಮುಂದೆ ಐರೋಪ್ಯ ಒಕ್ಕೂಟವಾಗಿ ಬೆಳೆಯಿತು. ಒಕ್ಕೂಟದ ದೇಶಗಳ ನಡುವೆ ಸರಕಿಗೆ ಸುಂಕವಿಲ್ಲ. ಕೆಲಸ ಹುಡುಕಿಕೊಂಡು ಹೋಗುವ ಮನುಷ್ಯನಿಗೆ ತಡೆಯಿಲ್ಲ. ಇದರಿಂದ ತಮಗೆ ಲಾಭವೋ ನಷ್ಟವೋ ಎಂಬ ವಿಷಯದಲ್ಲಿ ಬ್ರಿಟನ್ನಿನ ಎರಡು ದೊಡ್ಡ ಪಕ್ಷಗಳೊಳಗೂ ಮೊದಲಿನಿಂದಲೇ ಒಡಕಿತ್ತು. 1975ರಲ್ಲಿ ಲೇಬರ್ ಪಕ್ಷದ ಪ್ರಧಾನಿ ಹೆರಾಲ್ಡ್ ವಿಲ್ಸನ್ನರ ಮಂತ್ರಿಮಂಡಲವೇ ಈ ವಿಷಯದಲ್ಲಿ ಇಬ್ಭಾಗವಾಗಿ, ಅವರು ಜನಮತಗಣನೆ ನಡೆಸಿದರು. ಶೇಕಡಾ 67ರಷ್ಟು ಮತಗಳು ಒಳಗೇ ಇರೋಣ ಎಂಬುದರ ಕಡೆ ಬಿದ್ದವು. ಗಾಯ ಮಾದಂತೆ ಕಂಡಿತು. ಒಳಗೆ ಕೀವು ಹಾಗೆಯೇ ಇತ್ತು. 1981ರಲ್ಲಿ ಲೇಬರ್ ಪಕ್ಷದಿಂದ ಒಂದು ಗುಂಪು ಸಿಡಿದು ಹೊರಗೆ ಹೋದಾಗ, ಈ ಐರೋಪ್ಯ ಪ್ರಶ್ನೆಯೂ ಅದರ ಕಾರಣಗಳಲ್ಲೊಂದಾಗಿತ್ತು.

ಇದೇ ರೋಗ ಮುಂದೆ ಕನ್ಸರ್ವೇಟಿವ್ ಪಕ್ಷಕ್ಕೆ ಬಲವಾಗಿ ತಗುಲಿತು. ಶ್ರೀಮಂತರ, ಭೂಮಾಲೀಕರ, ಲಂಡನ್ನಿನ ಲೇವಾದೇವಿಗಾರರ ಆ ಪಕ್ಷದಲ್ಲಿ ಒಂದು ಗುಂಪು ಒಕ್ಕೂಟ ಬಿಡಬೇಕೆಂದು ಹಟ ಹಿಡಿದಿತ್ತು. ಹೊರಗಡೆ ನೈಜಲ್ ಫರಾಜರ ಪಕ್ಷ ಅದೇ ಮಾತನ್ನು ಹೇಳಿಕೊಂಡು ಮತ ಸೆಳೆಯುತ್ತಿತ್ತು. ಪ್ರಧಾನಿ ಡೇವಿಡ್ ಕ್ಯಾಮರನ್ನರು 2013ರ ಜನವರಿಯಲ್ಲಿ, ಮುಂದಿನ ಚುನಾವಣೆ ಗೆದ್ದರೆ ಜನಮತಗಣನೆ ಮಾಡಿಸುವೆನೆಂದು ಮಾತು ಕೊಟ್ಟರು. ಅವರು ಸ್ವತಃ ಒಕ್ಕೂಟದಲ್ಲಿ ಉಳಿಯಬೇಕೆನ್ನುವವರು. ಜನ ಹೇಗೂ ಉಳಿಯೋಣವೆನ್ನುತ್ತಾರೆ, ತಮ್ಮ ಪಕ್ಷದ ಗಲಾಟೆಗಾರರ ಬಾಯಿಗೆ ಬೀಗ ಬೀಳುತ್ತದೆ ಎಂಬುದು ಅವರ ಲೆಕ್ಕ. 2015ರಲ್ಲಿ ಅವರಿಗೆ ಬಹುಮತವೂ ಬಂತು. ಕೊಟ್ಟ ಮಾತು ಕುತ್ತಿಗೆಗೆ ಬಂತು.

2016ರ ಜೂನ್ 23ರಂದು ಮತದಾರನ ಕೈಗೆ ಕೊಟ್ಟ ಚೀಟಿಯಲ್ಲಿ ಇದ್ದ ಉತ್ತರಗಳು ಎರಡೇ: ಒಕ್ಕೂಟದಲ್ಲಿ ಉಳಿಯುವುದು, ಒಕ್ಕೂಟವನ್ನು ಬಿಡುವುದು. ಉಳಿಯುವುದೆಂದರೆ ಏನೆಂಬುದು ಎಲ್ಲರಿಗೂ ಗೊತ್ತಿತ್ತು. ಅವರು ಬದುಕುತ್ತಿದ್ದ ಬದುಕೇ ಅದು. ಬಿಡುವುದೆಂದರೆ ಏನು? ಸುಂಕದ ಕಟ್ಟು ಉಳಿಯುವುದೋ ಹೋಗುವುದೋ? ಹೊರದೇಶದ ಕೆಲಸಗಾರ ಬರಬಹುದೋ ಬಾರದೋ? ಬಿಟ್ಟು ಯಾವ ಕಡೆ ಹೋಗುವುದು? ಚೀಟಿಯ ಮೇಲೆ ಇದೊಂದೂ ಇರಲಿಲ್ಲ. ಮಾಸ್ತರಿಕೆ ಮಾಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಪ್ರಶ್ನೆಯೇ ಅರೆಬರೆಯಾಗಿದ್ದರೆ ನೂರು ಮಕ್ಕಳು ನೂರು ಬಗೆಯಾಗಿ ಉತ್ತರ ಬರೆಯುತ್ತಾರೆ. ಆಗ ಅಂಕ ಕಳೆಯಬೇಕಾದದ್ದು ಮಕ್ಕಳದ್ದಲ್ಲ, ಪ್ರಶ್ನೆಪತ್ರಿಕೆ ತೆಗೆದವರದ್ದು.

ಗಿರಣಿ ಊರುಗಳ ಮಾತು

ಬಿಡೋಣ ಎಂದವರು 1,74,10,742. ಉಳಿಯೋಣ ಎಂದವರು 1,61,41,241. ಶೇಕಡಾ ಲೆಕ್ಕದಲ್ಲಿ 51.9 ಮತ್ತು 48.1. ಇಂಗ್ಲೆಂಡೂ ವೇಲ್ಸೂ ಬಿಡೋಣ ಎಂದವು. ಸ್ಕಾಟ್ಲೆಂಡು ಶೇಕಡಾ 62ರ ಬಹುಮತದಿಂದ ಉಳಿಯೋಣ ಎಂದಿತು. ಉತ್ತರ ಐರ್ಲೆಂಡು ಕೂಡ ಅದೇ ಮಾತು ಹೇಳಿತು. ಒಂದು ರಾಜ್ಯ ನಟ್ಟನಡುವೆ ಸೀಳಿತು.

ಬಿಡೋಣ ಎಂದವರು ಯಾರು? ಇದನ್ನು ನಮ್ಮ ಗಿರಣಿ ಬಂಧುಗಳು ಗಮನವಿಟ್ಟು ಕೇಳಬೇಕು. ಲಂಕಾಶೈರಿನ ಬರ್ನ್ಲಿ ಒಂದು ಕಾಲಕ್ಕೆ ಹತ್ತಿಬಟ್ಟೆಯ ನೇಯ್ಗೆಗೆ ಜಗತ್ತಿನಲ್ಲೇ ಹೆಸರಾದ ಊರು. ಅಲ್ಲಿ ಪ್ರತಿ ಮೂವರಲ್ಲಿ ಇಬ್ಬರು ಬಿಡೋಣ ಎಂದರು. ಓಲ್ಡಮ್ ನೂಲಿನ ಗಿರಣಿಗಳ ಊರು; ಅಲ್ಲಿ ಶೇಕಡಾ 60ಕ್ಕೂ ಹೆಚ್ಚು ಜನ ಹಾಗೆಯೇ ಹೇಳಿದರು. ಇದೇ ಲಂಕಾಶೈರಿನ ಡಾರ್ವೆನ್ ಎಂಬ ಗಿರಣಿ ಊರಿಗೆ 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಹೋಗಿದ್ದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡ ಕೂಲಿಕಾರರು ತಮ್ಮನ್ನು ಬೈಯಬಹುದೆಂದು ಗೊತ್ತಿದ್ದೂ ಹೋದರು. ಆ ಜನ ಬೈಯಲಿಲ್ಲ. ಸುತ್ತ ನೆರೆದು ಜಯಕಾರ ಮಾಡಿದರು. ಬಡವನ ಕಷ್ಟ ಬಡವನಿಗೆ ತಿಳಿಯಿತು. ಆ ಕೂಲಿಕಾರರ ಮಕ್ಕಳು ಮೊಮ್ಮಕ್ಕಳ ಊರುಗಳೇ 2016ರಲ್ಲಿ ಬಿಡೋಣ ಎಂದದ್ದು.

ಯಾಕೆ ಹಾಗೆಂದರು? ಅವರನ್ನು ತಿಳಿಗೇಡಿಗಳೆಂದು, ಪರದೇಶಿಯರ ದ್ವೇಷಿಗಳೆಂದು ಜರೆದವರು ಲಂಡನ್ನಿನಲ್ಲಿ ಬಹಳ ಮಂದಿ ಇದ್ದರು. ದ್ವೇಷ ಬಿತ್ತಿದವರೂ ಇದ್ದರೆಂಬುದು ನಿಜ. ಮತದಾನಕ್ಕೆ ಒಂದು ವಾರ ಮುಂಚೆ, ಜೂನ್ 16ರಂದು, ಯಾರ್ಕ್‌ಶೈರಿನ ಲೇಬರ್ ಸದಸ್ಯೆ ಜೋ ಕಾಕ್ಸ್ ಅವರನ್ನು ಒಬ್ಬ ಮತಾಂಧ ನಡುಬೀದಿಯಲ್ಲಿ ಕೊಂದ. ಆದರೆ ಒಂದೂ ಮುಕ್ಕಾಲು ಕೋಟಿ ಜನರೆಲ್ಲ ದ್ವೇಷದಿಂದಲೇ ಮತ ಹಾಕಿದರೆಂದು ಹೇಳುವುದು ಜನದ್ರೋಹ. ಗಿರಣಿಗಳು ಮುಚ್ಚಿದ್ದವು, ಗಣಿಗಳು ಮುಚ್ಚಿದ್ದವು. 2008ರಲ್ಲಿ ಬ್ಯಾಂಕುಗಳು ಮುಳುಗಿದಾಗ ಅವುಗಳನ್ನು ಎತ್ತಲು ಸರಕಾರದ ಬೊಕ್ಕಸ ತೆರೆಯಿತು. 2010ರ ಮೇಲೆ ಮಿತವ್ಯಯದ ಹೆಸರಿನಲ್ಲಿ ಬಡವರ ಸವಲತ್ತುಗಳಿಗೂ ಊರಿನ ಪುರಸಭೆಗಳ ಅನುದಾನಕ್ಕೂ ಕತ್ತರಿ ಬಿತ್ತು. ಆ ಜನಕ್ಕೆ ಸಿಟ್ಟಿತ್ತು. ಸಿಟ್ಟನ್ನು ಹೇಳಿಕೊಳ್ಳಲು ಒಂದು ಚೀಟಿ ಸಿಕ್ಕಿತು, ಹೇಳಿದರು. ವಾರಕ್ಕೆ 35 ಕೋಟಿ ಪೌಂಡು ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಎಂದು ಕೆಂಪು ಬಸ್ಸಿನ ಮೇಲೆ ಬರೆದು ಊರೂರು ಸುತ್ತಿಸಿದ್ದರು. ಬ್ರಿಟನ್ನಿಗೆ ವಾಪಸು ಬರುತ್ತಿದ್ದ ಹಣವನ್ನು ಆ ಲೆಕ್ಕದಿಂದ ಕಳೆದೇ ಇರಲಿಲ್ಲ. ಅಲ್ಲಿನ ಅಂಕಿಅಂಶ ಪ್ರಾಧಿಕಾರವೇ ಅದನ್ನು ದಾರಿ ತಪ್ಪಿಸುವ ಲೆಕ್ಕವೆಂದು ಹೇಳಿತು. ಬಸ್ಸು ಮಾತ್ರ ನಿಲ್ಲಲಿಲ್ಲ.

ಗೋಡೆ ಎಲ್ಲಿ ಎಬ್ಬಿಸುವುದು?

ಕೂಡುಕುಟುಂಬ ಪಾಲಾಗುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಬೇರೆಯಾಗೋಣ ಎಂಬ ಮಾತಿಗೆ ಅಣ್ಣತಮ್ಮಂದಿರು ಬೇಗ ಒಪ್ಪುತ್ತಾರೆ. ನಡುಮನೆಯ ಗೋಡೆ ಎಲ್ಲಿ ಏಳಬೇಕು, ಬಾವಿಗೆ ಹೋಗುವ ದಾರಿ ಯಾರ ಹಿತ್ತಿಲಲ್ಲಿ ಎಂದು ಕೇಳಿದಾಗ ಪಂಚಾಯತಿ ಸಾಯಂಕಾಲವಾದರೂ ಏಳುವುದಿಲ್ಲ. ಬ್ರಿಟನ್ನಿನಲ್ಲಿ ಆದದ್ದೂ ಇದೇ.

ಅಲ್ಲಿ ಬಾವಿಯ ದಾರಿಯಂತಿದ್ದುದು ಐರ್ಲೆಂಡಿನ ಗಡಿ. ಐರ್ಲೆಂಡ್ ದ್ವೀಪದ ಉತ್ತರದ ತುಂಡು ಬ್ರಿಟನ್ನಿಗೆ ಸೇರಿದೆ. ಉಳಿದದ್ದು ಸ್ವತಂತ್ರ ಗಣರಾಜ್ಯ, ಒಕ್ಕೂಟದ ಸದಸ್ಯ. ನಡುವೆ ಸುಮಾರು 500 ಕಿಲೋಮೀಟರಿನ ಗಡಿ. ಉತ್ತರದಲ್ಲಿ ಮೂವತ್ತು ವರ್ಷ ಬಂದೂಕು ಮಾತಾಡಿ ಮೂರೂವರೆ ಸಾವಿರದಷ್ಟು ಜನ ಸತ್ತ ಮೇಲೆ 1998ರಲ್ಲಿ ಒಪ್ಪಂದವಾಗಿ ಶಾಂತಿ ಬಂದಿತ್ತು; ಗಡಿಯ ಕಾವಲು ಠಾಣೆಗಳು ಇಲ್ಲವಾಗಿದ್ದವು. ಬ್ರಿಟನ್ ಒಕ್ಕೂಟದ ಸುಂಕದ ಕಟ್ಟನ್ನು ಬಿಟ್ಟರೆ ಎಲ್ಲಾದರೂ ಒಂದು ಕಡೆ ತಪಾಸಣೆಯ ಕಟ್ಟೆ ಹಾಕಲೇಬೇಕು. ಗಡಿಯಲ್ಲಿ ಹಾಕಿದರೆ ಶಾಂತಿಗೆ ಕುತ್ತು. ಸಮುದ್ರದಲ್ಲಿ ಹಾಕಿದರೆ ತನ್ನ ದೇಶವನ್ನು ತಾನೇ ತುಂಡರಿಸಿದಂತೆ. ಎಲ್ಲಿಯೂ ಬೇಡವೆಂದರೆ ಒಕ್ಕೂಟದ ಸುಂಕದ ನಿಯಮಗಳಿಗೆ ಕಟ್ಟುಬಿದ್ದಿರಬೇಕು. ಹಾಗಾದರೆ ಬಿಟ್ಟದ್ದು ಏನನ್ನು?

ಕ್ಯಾಮರನ್ನರು ಸೋತ ಮಾರನೆಯ ಬೆಳಿಗ್ಗೆಯೇ ರಾಜೀನಾಮೆ ಘೋಷಿಸಿದರು. ಅವರ ಜಾಗಕ್ಕೆ ಬಂದ ತೆರೇಸಾ ಮೇ ಎರಡು ವರ್ಷ ಮಾತುಕತೆ ನಡೆಸಿ 2018ರ ನವೆಂಬರಿನಲ್ಲಿ ಒಪ್ಪಂದ ತಂದರು. ಬೇರೆ ದಾರಿ ಸಿಗುವವರೆಗೆ ಬ್ರಿಟನ್ ಪೂರ್ತಿಯಾಗಿ ಒಕ್ಕೂಟದ ಸುಂಕದ ಕಟ್ಟಿನೊಳಗೆ ನಿಲ್ಲುವುದು ಎಂಬ ಕರಾರು ಅದರಲ್ಲಿತ್ತು. ಬಿಡಬೇಕೆನ್ನುವವರು ಇದು ಗುಲಾಮಗಿರಿ ಎಂದರು. ಉಳಿಯಬೇಕೆನ್ನುವವರು ಉಳಿಯುವುದೇ ಇದಕ್ಕಿಂತ ಮೇಲು ಎಂದರು. 2019ರ ಜನವರಿ 15ರಂದು ಕಾಮನ್ಸ್ ಸಭೆ ಈ ಒಪ್ಪಂದವನ್ನು 202ಕ್ಕೆ ವಿರುದ್ಧವಾಗಿ 432 ಮತಗಳಿಂದ ತಳ್ಳಿಹಾಕಿತು. ಆಧುನಿಕ ಕಾಲದಲ್ಲಿ ಅಲ್ಲಿನ ಯಾವ ಸರಕಾರವೂ ಅಷ್ಟು ದೊಡ್ಡ ಸೋಲು ಕಂಡಿರಲಿಲ್ಲ. ಮಾರ್ಚಿ 12ರಂದು ಮತ್ತೆ ಸೋಲು, 29ರಂದು ಮೂರನೆಯ ಸೋಲು.

ವಿಚಿತ್ರವೇನೆಂದರೆ, ಸರಕಾರದ ಒಪ್ಪಂದವನ್ನು ಬೇಡವೆಂದ ಸಭೆಗೆ ತನಗೆ ಬೇಕಾದದ್ದು ಏನೆಂದು ಹೇಳಲಿಕ್ಕೂ ಬರಲಿಲ್ಲ. ಮಾರ್ಚಿ 27ರಂದು ಎಂಟು ಸಲಹೆಗಳನ್ನು ಒಂದೊಂದಾಗಿ ಮತಕ್ಕೆ ಹಾಕಿದರು; ಒಂದಕ್ಕೂ ಬಹುಮತ ಬರಲಿಲ್ಲ. ಏಪ್ರಿಲ್ 1ರಂದು ನಾಲ್ಕನ್ನು ಹಾಕಿದರು, ಅವೂ ಬಿದ್ದವು. ಸುಂಕದ ಕಟ್ಟಿನೊಳಗೆ ಉಳಿಯುವ ಸಲಹೆ ಸೋತದ್ದು ಕೇವಲ ಮೂರು ಮತಗಳಿಂದ. ಪೂರ್ತಿ ಬಿಡಬೇಕೆನ್ನುವವರು, ಅರ್ಧ ಬಿಟ್ಟು ಅರ್ಧ ಹಿಡಿಯಬೇಕೆನ್ನುವವರು, ಜನರನ್ನು ಇನ್ನೊಮ್ಮೆ ಕೇಳಬೇಕೆನ್ನುವವರು ಎಂದು ಮೂರು ಗುಂಪು. ಯಾವ ಎರಡು ಗುಂಪು ಸೇರಿದರೂ ಮೂರನೆಯದನ್ನು ಸೋಲಿಸಬಹುದು. ಒಂಟಿಯಾಗಿ ಗೆಲ್ಲುವ ಬಲ ಯಾರಿಗೂ ಇಲ್ಲ. ಮಾರ್ಚಿ 29ಕ್ಕೆ ಹೊರಡಬೇಕಾಗಿದ್ದ ದೇಶ ಮೊದಲು ಏಪ್ರಿಲಿಗೆ, ಆಮೇಲೆ ಅಕ್ಟೋಬರಿಗೆ, ಕೊನೆಗೆ ಮರುವರ್ಷದ ಜನವರಿಗೆ ವಾಯಿದೆ ಕೇಳಿತು.

ಕುರ್ಚಿಯ ಕಾಳಗ

ಈ ಬಿಕ್ಕಟ್ಟಿನ ನಡುವೆ ಕನ್ಸರ್ವೇಟಿವ್ ಮುಂದಾಳುಗಳ ಮನಸ್ಸು ಎಲ್ಲಿತ್ತು? ಕುರ್ಚಿಯ ಮೇಲೆ. 2017ರಲ್ಲಿ ಬಹುಮತ ಹೆಚ್ಚಿಸಿಕೊಳ್ಳುವ ಆಸೆಯಿಂದ ಮೇ ಅವರು ಅವಧಿಗೆ ಮುಂಚೆಯೇ ಚುನಾವಣೆ ಕರೆದು, ಇದ್ದ ಬಹುಮತವನ್ನೂ ಕಳೆದುಕೊಂಡರು. ಉತ್ತರ ಐರ್ಲೆಂಡಿನ ಒಂದು ಪಕ್ಷದ ಹತ್ತು ಸದಸ್ಯರ ಬೆಂಬಲದ ಮೇಲೆ ಸರಕಾರ ನಿಂತಿತು. ಅದರ ಜೊತೆಗೇ ಆ ಪ್ರಾಂತಕ್ಕೆ 100 ಕೋಟಿ ಪೌಂಡು ಹೆಚ್ಚಿನ ಹಣ ಮಂಜೂರಾಯಿತು. ಬಡವರಿಗೆ ಕೊಡಲು ಹಣವಿಲ್ಲವೆನ್ನುತ್ತಿದ್ದ ಬೊಕ್ಕಸ ಅದು. 2018ರ ಡಿಸೆಂಬರಿನಲ್ಲಿ ಸ್ವಪಕ್ಷದವರೇ ಅವಿಶ್ವಾಸ ತಂದರು. 117ಕ್ಕೆ ವಿರುದ್ಧ 200 ಮತಗಳಿಂದ ಅವರು ಪಾರಾದರು. 2019ರ ಮೇ ತಿಂಗಳಲ್ಲಿ ಕಣ್ಣೀರಿನೊಂದಿಗೆ ರಾಜೀನಾಮೆ ಹೇಳಿದರು.

ಆಮೇಲೆ ಬಂದವರು ಬೋರಿಸ್ ಜಾನ್ಸನ್. 2016ರಲ್ಲಿ 4 ಕೋಟಿ 65 ಲಕ್ಷ ಮತದಾರರಿದ್ದ ದೇಶಕ್ಕೆ ಪ್ರಧಾನಿಯಾಗಲು ಅವರಿಗೆ ಸಾಕಾದದ್ದು ಸ್ವಪಕ್ಷದ ಸದಸ್ಯರ 92,153 ಮತ. ಪಾರ್ಲಿಮೆಂಟು ಅಡ್ಡ ಬರುತ್ತದೆಂದು ಐದು ವಾರ ಅದರ ಬಾಗಿಲನ್ನೇ ಮುಚ್ಚಿಸಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಒಮ್ಮತದಿಂದ ಅದು ಕಾನೂನುಬಾಹಿರವೆಂದು ಸಾರಿದರು. ತಮ್ಮ ವಿರುದ್ಧ ಮತ ಹಾಕಿದ 21 ಸದಸ್ಯರನ್ನು ಪಕ್ಷದ ಗುಂಪಿನಿಂದ ಹೊರಗೆ ಹಾಕಿದರು. ಅವರಲ್ಲಿ ಚರ್ಚಿಲ್ಲರ ಮೊಮ್ಮಗನೂ ಒಬ್ಬರು. ಸಮುದ್ರದಲ್ಲಿ ಗೋಡೆಯನ್ನು ಎಂದಿಗೂ ಒಪ್ಪುವುದಿಲ್ಲವೆಂದು ಗುಡುಗಿದ್ದ ಅದೇ ಜಾನ್ಸನ್ನರು, ಅದೇ ಗೋಡೆಗೆ ಅಕ್ಟೋಬರಿನಲ್ಲಿ ಸಹಿ ಹಾಕಿದರು.

ಮುಂದೆ 2022ರಲ್ಲಿ ಅವರ ಮಂತ್ರಿಗಳೇ ರಾಶಿರಾಶಿಯಾಗಿ ರಾಜೀನಾಮೆ ಕೊಟ್ಟು ಅವರನ್ನು ಇಳಿಸಿದರು. ಲಿಜ್ ಟ್ರಸ್ ಏಳು ವಾರಕ್ಕೆ ಮನೆಗೆ ಹೋದರು. ಆಮೇಲೆ ರಿಷಿ ಸುನಕ್ ಬಂದರು. ಇನ್ಫೋಸಿಸ್ ನಾರಾಯಣಮೂರ್ತಿಯವರ ಅಳಿಯನೆಂದು ನಮ್ಮ ಪತ್ರಿಕೆಗಳು ಆ ದಿನ ಹಬ್ಬ ಮಾಡಿದವು. ಅವರು ಸ್ವಪಕ್ಷದ ಸದಸ್ಯರ ಮತವೂ ಇಲ್ಲದೆ, ಎದುರಾಳಿಗಳು ಹಿಂದೆ ಸರಿದ ಕಾರಣ ಗದ್ದುಗೆ ಏರಿದರೆಂಬುದು ಹಬ್ಬದ ಗದ್ದಲದಲ್ಲಿ ಕೇಳಿಸಲಿಲ್ಲ.

ನಮ್ಮವರ ಕಥೆ

ಧಣಿಗಳ ಪಕ್ಷ ಕುರ್ಚಿಗಾಗಿ ಬಡಿದಾಡಿದರೆ ನಮಗೆ ಆಶ್ಚರ್ಯವಿಲ್ಲ. ನೋವಿನ ಕಥೆ ಲೇಬರ್ ಪಕ್ಷದ್ದು. 1945ರಲ್ಲಿ ಆಟ್ಲಿಯವರ ನಾಯಕತ್ವದಲ್ಲಿ ಗೆದ್ದು ಗಣಿಗಳನ್ನು, ರೈಲನ್ನು ರಾಷ್ಟ್ರೀಕರಿಸಿ, ಎಲ್ಲರಿಗೂ ಉಚಿತ ವೈದ್ಯಕೀಯ ಸೇವೆ ತಂದ ಪಕ್ಷ ಅದು. ನಮ್ಮ ಹಿರಿಯರು ಎದುರಿಗಿಟ್ಟುಕೊಂಡು ಓದಿದ ಪಕ್ಷ. ಅದೇ 1945ರಲ್ಲಿ, ಚುನಾವಣೆಯ ಬದಲು ಜನಮತಗಣನೆ ನಡೆಸಿ ಸಮ್ಮಿಶ್ರ ಸರಕಾರವನ್ನು ಮುಂದುವರಿಸೋಣ ಎಂದು ಚರ್ಚಿಲ್ಲರು ಸೂಚಿಸಿದಾಗ, ಇದು ಸರ್ವಾಧಿಕಾರಿಗಳು ಬಳಸಿಕೊಂಡ ಆಯುಧವೆಂದು ಆಟ್ಲಿ ನಿರಾಕರಿಸಿದ್ದರು.

2016ರ ಬಳಿಕ ಲೇಬರ್ ಪಕ್ಷ ಎರಡು ಕಡೆಯಿಂದ ಎಳೆತಕ್ಕೆ ಸಿಕ್ಕಿತು. ಅದು ಗೆದ್ದ ಕ್ಷೇತ್ರಗಳಲ್ಲಿ ಹೆಚ್ಚಿನವು ಬಿಡೋಣ ಎಂದಿದ್ದವು. ಅದಕ್ಕೆ ಮತ ಹಾಕುವ ಜನರಲ್ಲಿ ಹೆಚ್ಚಿನವರು ಉಳಿಯೋಣ ಎಂದಿದ್ದರು. ಫಲಿತಾಂಶ ಬಂದ ವಾರದಲ್ಲೇ, ನಾಯಕ ಜೆರೆಮಿ ಕಾರ್ಬಿನ್ ಸರಿಯಾಗಿ ಪ್ರಚಾರ ಮಾಡಲಿಲ್ಲವೆಂದು ಪಾರ್ಲಿಮೆಂಟಿನ ಸ್ವಪಕ್ಷೀಯರು 40ಕ್ಕೆ ವಿರುದ್ಧ 172 ಮತಗಳಿಂದ ಅವಿಶ್ವಾಸ ಹೇಳಿದರು. ಸೆಪ್ಟೆಂಬರಿನಲ್ಲಿ ಸಾಮಾನ್ಯ ಸದಸ್ಯರು ಶೇಕಡಾ 61.8 ಮತ ಕೊಟ್ಟು ಅವರನ್ನೇ ಮತ್ತೆ ಆರಿಸಿದರು. ಮೇಲೆ ಒಂದು ಪಕ್ಷ, ಕೆಳಗೆ ಇನ್ನೊಂದು ಪಕ್ಷ. 2019ರ ಫೆಬ್ರವರಿಯಲ್ಲಿ ಕೆಲವು ಸದಸ್ಯರು ಬೇರೆ ಗುಂಪು ಕಟ್ಟಿಕೊಂಡು ಹೋದರು; ಆ ವರ್ಷದ ಚುನಾವಣೆಯಲ್ಲಿ ಅವರಲ್ಲಿ ಒಬ್ಬರೂ ಗೆದ್ದು ಬರಲಿಲ್ಲ.

ಕಾರ್ಬಿನ್ನರ ಪ್ರಾಮಾಣಿಕತೆಯನ್ನು ನಾವು ಶಂಕಿಸುವುದಿಲ್ಲ. ಅವರು ಬಡವರ ಪರವಾಗಿಯೇ ಬಾಳಿದವರು. 1975ರಲ್ಲಿ ಅವರು ಒಕ್ಕೂಟದ ವಿರುದ್ಧ ಮತ ಹಾಕಿದವರು. 2016ರಲ್ಲಿ ಅರೆಮನಸ್ಸಿನಿಂದ ಪರವಾಗಿ ಮಾತಾಡಿದರು. 2019ರ ಚುನಾವಣೆಯಲ್ಲಿ ಪಕ್ಷದ ಮಾತು ಹೀಗಿತ್ತು: ನಾವು ಹೊಸ ಒಪ್ಪಂದ ಮಾಡುತ್ತೇವೆ, ಆಮೇಲೆ ಅದನ್ನು ನಿಮ್ಮ ಮುಂದಿಟ್ಟು ಇನ್ನೊಂದು ಜನಮತಗಣನೆ ಮಾಡುತ್ತೇವೆ. ಆಗ ನೀವು ಯಾವ ಕಡೆ ಎಂದು ಕೇಳಿದರೆ, ನಾನು ತಟಸ್ಥನೆಂದು ನಾಯಕರು ಹೇಳಿದರು. ಎದುರಿನವರು ಮೂರೇ ಮಾತಿನಲ್ಲಿ, ಕೆಲಸ ಮುಗಿಸಿ ಕೊಡುತ್ತೇವೆ ಎಂದರು.

ಡಿಸೆಂಬರ್ 12ರಂದು ಕನ್ಸರ್ವೇಟಿವರು 365 ಸ್ಥಾನ ಗೆದ್ದರು. ಲೇಬರಿಗೆ ಸಿಕ್ಕಿದ್ದು 202. 1935ರ ಮೇಲೆ ಅಷ್ಟು ಕಡಿಮೆ ಬಂದದ್ದೇ ಇಲ್ಲ. ನೂರು ವರ್ಷಕ್ಕೂ ಮಿಕ್ಕಿ ಕನ್ಸರ್ವೇಟಿವರನ್ನು ಕಳಿಸದ ಬರ್ನ್ಲಿ ಅವರನ್ನು ಕಳಿಸಿತು. ಬೋಲ್ಸೋವರಿನಲ್ಲಿ ಗಣಿ ಕಾರ್ಮಿಕನಾಗಿದ್ದು 1970ರಿಂದ ಒಂದೇ ಸಮನೆ ಗೆದ್ದು ಬಂದಿದ್ದ ಡೆನಿಸ್ ಸ್ಕಿನ್ನರ್ ಸೋತರು. ಕಾರ್ಮಿಕನು ತನ್ನ ಪಕ್ಷವನ್ನು ಬಿಟ್ಟನೋ, ಪಕ್ಷ ಅವನನ್ನು ಬಿಟ್ಟಿತೋ? ಆತ ಕೇಳಿದ್ದು ಒಂದು ಸ್ಪಷ್ಟ ಮಾತು. ಬಿಡೋಣ ಎಂದಿದ್ದರೂ ಕೆಲವರು ಮುನಿಯುತ್ತಿದ್ದರು, ಉಳಿಯೋಣ ಎಂದಿದ್ದರೂ ಕೆಲವರು ಮುನಿಯುತ್ತಿದ್ದರು. ಎರಡನ್ನೂ ಹೇಳದೆ ಇಬ್ಬರ ಮುನಿಸನ್ನೂ ಕಟ್ಟಿಕೊಂಡರು. 2024ರಲ್ಲಿ ಲೇಬರ್ ಪಕ್ಷ ಮತ್ತೆ ಗೆದ್ದಿತು, ಬರ್ನ್ಲಿಯೂ ಮರಳಿತು. ಆದರೆ ಆಗ ಅದಕ್ಕೆ ಬಂದ ಮತ ಶೇಕಡಾ 34ನ್ನೂ ಮುಟ್ಟಲಿಲ್ಲ. ಎದುರಿನವರ ಮತ ಒಡೆದು ಸಿಕ್ಕ ಗೆಲುವನ್ನು ಜನರ ಪ್ರೀತಿ ಎಂದು ತಿಳಿಯಬಾರದು.

ಕೊನೆಗೆ ಸಿಕ್ಕಿದ್ದೇನು?

2020ರ ಜನವರಿ 31ರಂದು ಬ್ರಿಟನ್ ಒಕ್ಕೂಟವನ್ನು ಬಿಟ್ಟಿತು. 2021ರ ಜನವರಿ 1ರಿಂದ ಹೊಸ ನಿಯಮ ಜಾರಿಗೆ ಬಂತು. ನಮ್ಮ ವರ್ತಕ ಬಂಧುಗಳಿಗೆ ಹಳೆಯ ಜಕಾತಿ ಕಟ್ಟೆಗಳ ನೆನಪಿರಬಹುದು: ಲಾರಿ ನಿಲ್ಲಿಸು, ಬಿಲ್ಲು ತೋರಿಸು, ಗಂಟೆಗಟ್ಟಲೆ ಕಾಯಿ. ಅಲ್ಲಿ ಅದು ಹೊಸದಾಗಿ ಬಂತು. ಮೀನಿಗೆ, ಮಾಂಸಕ್ಕೆ, ಗಿಣ್ಣಿಗೆ ಆರೋಗ್ಯದ ಸರ್ಟಿಫಿಕೇಟು. ಪ್ರತಿ ಸಾಗಣೆಗೂ ಸುಂಕದ ಕಾಗದಪತ್ರ. ದೊಡ್ಡ ಕಂಪನಿಗಳು ಗುಮಾಸ್ತರನ್ನು ಇಟ್ಟುಕೊಂಡು ನಿಭಾಯಿಸಿದವು. ಸಣ್ಣವರು ಒದ್ದಾಡಿದರು. ಆ ತಿಂಗಳೇ ಸ್ಕಾಟ್ಲೆಂಡಿನ ಮೀನು ವ್ಯಾಪಾರಿಗಳು ಸರಕು ಕೆಡುತ್ತಿದೆಯೆಂದು ಲಾರಿಗಳನ್ನು ಲಂಡನ್ನಿನ ಸರಕಾರಿ ಕಚೇರಿಗಳ ಮುಂದೆ ತಂದು ನಿಲ್ಲಿಸಿದರು.

ಕಾರ್ಮಿಕರಿಗೋ? ಸ್ವಿಂಡನ್ನಿನ ಹೋಂಡಾ ಕಾರ್ಖಾನೆ 2021ರಲ್ಲಿ ಮುಚ್ಚಿತು. ಒಕ್ಕೂಟ ಬಿಟ್ಟದ್ದು ಕಾರಣವಲ್ಲವೆಂದು ಕಂಪನಿ ಹೇಳಿತು. ಏನೇ ಇರಲಿ, ಕಾರ್ಖಾನೆ ಉಳಿಯಲಿಲ್ಲ. ಬಿಡೋಣ ಎಂದಿದ್ದ ವೇಲ್ಸಿನ ಪೋರ್ಟ್ ಟಾಲ್ಬಟ್‌ನಲ್ಲಿ ಟಾಟಾ ಕಂಪನಿಯ ಉಕ್ಕಿನ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರಿನಲ್ಲಿ ಆರಿತು. ಮಾಲೀಕರು ನಮ್ಮ ದೇಶದವರೇ. ಬಂಡವಾಳಕ್ಕೆ ಒಕ್ಕೂಟವೂ ಇಲ್ಲ, ಗಡಿಯೂ ಇಲ್ಲ. ಲಾಭವಿದ್ದಲ್ಲಿ ಅದರ ಬಿಡಾರ. ಹೊರಗಿನವರು ಬರುವುದನ್ನು ತಗ್ಗಿಸುತ್ತೇವೆಂದು ಮಾತು ಕೊಟ್ಟಿದ್ದರು. 2022 ಮತ್ತು 2023ರಲ್ಲಿ ಹೊರಗಿನಿಂದ ಬಂದವರ ಸಂಖ್ಯೆ ಹಿಂದೆಂದೂ ಇಲ್ಲದಷ್ಟು ಏರಿತು. ಪೋಲೆಂಡಿನವರ ಜಾಗಕ್ಕೆ ನಮ್ಮ ದೇಶದ ದಾದಿಯರೂ ವಿದ್ಯಾರ್ಥಿಗಳೂ ಹೋದರು. ಅವರು ಹೋದದ್ದು ದುಡಿಯಲಿಕ್ಕೆ, ಕಲಿಯಲಿಕ್ಕೆ, ಅವರದ್ದೇನೂ ತಪ್ಪಿಲ್ಲ. ಸುಳ್ಳು ಮಾತು ಕೊಟ್ಟವರದ್ದು ತಪ್ಪು.

ಹಾಗಾದರೆ ಜನರನ್ನು ಕೇಳಬಾರದೆ?

ಈ ಕಥೆ ಹೇಳಿ, ಸಾಮಾನ್ಯರಿಗೆ ದೊಡ್ಡ ವಿಷಯ ತಿಳಿಯುವುದಿಲ್ಲ, ಅವರನ್ನು ಕೇಳಲೇಬಾರದು ಎನ್ನುವ ಪಂಡಿತರು ಇದ್ದಾರೆ. ನಾವು ಅವರ ಜೊತೆಯಲ್ಲಿಲ್ಲ. ಜನರನ್ನು ಕೇಳಿಯೇ ಚೆನ್ನಾಗಿ ಇತ್ಯರ್ಥವಾದ ಒಂದು ಪ್ರಕರಣ ನಮ್ಮ ಮಗ್ಗುಲಲ್ಲೇ ಇದೆ. 1967ರ ಜನವರಿ 16ರಂದು ಗೋವೆಯ ಜನರನ್ನು ಕೇಳಿದರು: ಮಹಾರಾಷ್ಟ್ರದಲ್ಲಿ ಸೇರುತ್ತೀರೋ, ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುತ್ತೀರೋ? ಸೇರುವುದಕ್ಕೆ ಹೂವಿನ ಗುರುತು, ಉಳಿಯುವುದಕ್ಕೆ ಎರಡೆಲೆಯ ಗುರುತು. ಎರಡೆಲೆಗೆ 1,72,191 ಮತ, ಹೂವಿಗೆ 1,38,170 ಮತ ಬಿದ್ದವು. ಅಲ್ಲಿಯೂ ಮನಸ್ಸುಗಳು ಒಡೆದಿದ್ದವು, ಕಾವೇರಿತ್ತು. ಆದರೆ ಹೂವು ಗೆದ್ದರೆ ಏನಾಗುತ್ತದೆ, ಎಲೆ ಗೆದ್ದರೆ ಏನಾಗುತ್ತದೆ ಎಂಬುದು ಅಕ್ಷರ ಬಾರದವನಿಗೂ ಗೊತ್ತಿತ್ತು. ಮಹಾರಾಷ್ಟ್ರವೆಂಬುದು ಕಣ್ಣೆದುರು ಇತ್ತು. ಎಲೆ ಗೆದ್ದಿತು, ಮಾತು ಮುಗಿಯಿತು.

ಆದ್ದರಿಂದ ಜನರನ್ನು ಕೇಳಬೇಕು. ಕೇಳುವ ಮೊದಲು ಪ್ರತಿಯೊಂದು ಉತ್ತರದ ಹಿಂದೆಯೂ ಕಾಣುವಂಥ ಒಂದು ವಸ್ತು ಇರಬೇಕು. ಕೇಳುವವನು ತನ್ನ ಅಭಿಪ್ರಾಯವೇನೆಂದು ಮೊದಲು ಹೇಳಬೇಕು. ಬಂದ ಉತ್ತರವನ್ನು ನಡೆಸಿಕೊಡಲು ಸಿದ್ಧನಾಗಿರಬೇಕು. ತನ್ನ ಮನೆಯ ಜಗಳ ಬಿಡಿಸಿಕೊಳ್ಳಲು ಬೀದಿಯ ಜನರನ್ನು ಕೂಗುವವನಿಗೆ ಈ ಮೂರರಲ್ಲಿ ಒಂದೂ ಇರುವುದಿಲ್ಲ.

ಸಮ್ಮೇಳನದ ಸಂಗಾತಿಗಳಿಗೆ

ನಮ್ಮ ಚಳವಳಿಯೂ ಒಡಕಿನ ಕಥೆಯಲ್ಲಿ ಯಾರಿಗೂ ಹಿಂದಲ್ಲ. 1952ರಲ್ಲಿ ಎರಡು ಪಕ್ಷಗಳು ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು. 1955ರಲ್ಲಿ ಡಾಕ್ಟರ್ ಲೋಹಿಯಾ ಬೇರೆಯಾದರು. 1964ರಲ್ಲಿ ಮತ್ತೆ ಕೂಡಿ ಸಂಯುಕ್ತ ಸೋಷಲಿಸ್ಟ್ ಪಕ್ಷವಾಯಿತು. ವರ್ಷ ತುಂಬುವುದರೊಳಗೆ ಮತ್ತೆ ಒಡೆಯಿತು. ಕಾಂಗ್ರೆಸ್ಸಿನೊಂದಿಗೆ ಎಷ್ಟು ಹತ್ತಿರ, ಎಷ್ಟು ದೂರ ಎಂಬ ಪ್ರಶ್ನೆ ಪ್ರತಿ ಸಲವೂ ಒಂದಲ್ಲ ಒಂದು ರೂಪದಲ್ಲಿ ಎದ್ದು ನಿಂತಿತ್ತು. ಅದನ್ನು ನಾವು ತತ್ವದ ಭಾಷೆಯಲ್ಲಿ ಚರ್ಚಿಸಿದೆವು. ಒಂದೂರಿನ, ಒಂದು ಕ್ಷೇತ್ರದ ಲೆಕ್ಕವಾಗಿ ಎದುರಿಗಿಟ್ಟುಕೊಳ್ಳಲಿಲ್ಲ. ಅದೇ ಚಳವಳಿ 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರ ಜೊತೆ ನಿಂತಾಗ ಯಾರಿಗೂ ಗೊಂದಲವಿರಲಿಲ್ಲ. ಗೇಣಿ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕೆಂಬಲ್ಲಿಂದ ಆ ಜಗಳ ಎದ್ದಿತ್ತು. ಕೊಳಗ ಕಣ್ಣಿಗೆ ಕಾಣುತ್ತಿತ್ತು. ಆದ್ದರಿಂದ ಜನ ಜೈಲಿಗೆ ಹೋಗಲೂ ಹಿಂಜರಿಯಲಿಲ್ಲ.

ಸಮ್ಮೇಳನಕ್ಕೆ ನಮ್ಮ ವಿನಂತಿ ಇಷ್ಟೆ. "ಹೊಂದಾಣಿಕೆ ಬೇಕೆ, ಬೇಡವೆ" ಎಂಬ ಪ್ರಶ್ನೆಯನ್ನು ಹಾಗೆಯೇ ಚೀಟಿಗೆ ಹಾಕಬೇಡಿ. ಯಾವ ಪಕ್ಷದೊಂದಿಗೆ? ಯಾವ ಕ್ಷೇತ್ರಗಳಲ್ಲಿ? ಗಿರಣಿ ಕೂಲಿಯ ಬಗ್ಗೆ, ಹಂಗಾಮಿ ಕೆಲಸಗಾರರ ಕಾಯಮಾತಿಯ ಬಗ್ಗೆ, ಸಣ್ಣ ಅಂಗಡಿಯವರ ಸಾಲದ ಬಗ್ಗೆ ಅವರು ಏನು ಬರೆದುಕೊಡುತ್ತಾರೆ? ಬರೆದುಕೊಟ್ಟದ್ದನ್ನು ಮುರಿದರೆ ನಾವೇನು ಮಾಡುತ್ತೇವೆ? ಇಷ್ಟನ್ನು ಜಿಲ್ಲಾ ಸಮಿತಿ ಮೊದಲು ಬರೆದು ತರಲಿ. ಸಮಿತಿಯ ಪ್ರತಿಯೊಬ್ಬ ಸದಸ್ಯನೂ ತಾನು ಯಾವ ಕಡೆ ಎಂದು ಬಹಿರಂಗವಾಗಿ ಹೇಳಲಿ. ಈ ಪತ್ರಿಕೆಯ ಸಂಪಾದಕನೂ ಹೇಳುತ್ತಾನೆ. ಆಮೇಲೆ ಪಾಳಿ ಬಿಟ್ಟ ಮೇಲೆ ಗಿರಣಿ ಬಾಗಿಲಲ್ಲಿ, ಪೇಟೆಯ ಕಟ್ಟೆಯ ಮೇಲೆ ಅದನ್ನು ಓದಿ ಹೇಳೋಣ. ಆಗ ಚೀಟಿ ಹಾಕಿಸೋಣ. ಒಂದೇ ಮತದ ಅಂತರದಿಂದ ಬಂದ ತೀರ್ಮಾನವಾದರೂ ಸೋತವರು ಗೆದ್ದವರ ಜೊತೆ ನಡೆಯಲು ಸಾಧ್ಯವಾಗುವುದು ಆಗಲೇ.

ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಇನ್ನೆರಡು ತಿಂಗಳು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ವಾದ ಮಾಡಬೇಕಾಗುತ್ತದೆ. ಅವಸರದಲ್ಲಿ ಕೇಳಿದ ಒಂದು ಪ್ರಶ್ನೆಯನ್ನು ಬಿಡಿಸಲು ಬ್ರಿಟನ್ನಿಗೆ ನಾಲ್ಕು ವರ್ಷ ಬೇಕಾಯಿತು, ಬರ್ನ್ಲಿಯ ಕೂಲಿಕಾರನಿಗೆ ಅದರಿಂದ ಒಂದು ಮಗ್ಗವೂ ಮರಳಿ ಬರಲಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ, ಎರಡು ತಿಂಗಳು ದೊಡ್ಡದಲ್ಲ.